ಬದನೆ ಸಸಿಯ ಶೀರ್ಷಾಸನ

ಮೊಬೈಲಿನಲ್ಲಿ ಬೀಜದ ಚಿತ್ರ ನೋಡುತ್ತ ಕೂತರೆ ನನ್ನ ತಾರಸಿ ಎರಡು ಎಕರೆಯಾಗಿಬಿಡುತ್ತದೆ. ಇರುವುದು 9 ಕುಂಡ, ಅದರಲ್ಲೊಂದು ಒಡೆದ ಬಕೆಟ್ಟು. ತರಿಸಿದ್ದು 14 ಬಗೆಯ ಬೀಜ. "ಈ ದುಡ್ಡಿಗೆ ವರ್ಷದ ತರಕಾರಿ ಬರ್ತಿತ್ತು ಕಣ್ರೀ" ಅಂದಳು ಮನೆಯಾಕೆ.

ಟೊಮೆಟೊ ಮಾತ್ರ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್'. ಎಲೆಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ. ಕೋತಿಯನ್ನೂ ತಡೆಯುತ್ತದೆಂದು ಅವರೇನೂ ಹೇಳಿರಲಿಲ್ಲ, ತಪ್ಪು ನನ್ನದೇ. ಉಳಿದ ಹಣ್ಣಿನ ಬೀಜ ಎತ್ತಿಡೋಣವೆಂದರೆ ಅದು ಎಫ್-1 ಹೈಬ್ರಿಡ್. ಮಗ ಅಪ್ಪನ ಹಾಗೇ ಇರುತ್ತಾನೆಂಬ ಭರವಸೆಯಿಲ್ಲ.

ಬದನೆ ಸಸಿ ಬೇರೊಂದು ಕಡೆಯಿಂದ ಕೊರಿಯರಿನಲ್ಲಿ ಬಂತು. ಡಬ್ಬದ ಮೇಲಿನ 'ಈ ಬದಿ ಮೇಲಕ್ಕೆ' ಬಾಣ ನೆಲ ನೋಡುತ್ತಿತ್ತು. ಕೋಕೋಪೀಟೆಲ್ಲ ಮುಚ್ಚಳದಲ್ಲಿ, ಸಸಿಗಳು ಶೀರ್ಷಾಸನದಲ್ಲಿ. 6ರಲ್ಲಿ 1 ಬದುಕಿತು. ಅದಕ್ಕೆ ದಿನಾ ಅಕ್ಕಿ ತೊಳೆದ ನೀರು. ಎಲೆ ಯಾಕೋ ಸಣ್ಣ. ಪಾಪ, ಪ್ರಯಾಣದ ಆಯಾಸ ಎಂದುಕೊಂಡೆ. ನೇರಳೆ ಹೂವಿಗೆ ಕಾದರೆ ಬಿಳಿ ಹೂ ಬಿಟ್ಟಿತು. ಆಮೇಲೆ, ಒಂದು ಮೆಣಸಿನಕಾಯಿ.

"ಇರಲಿ ಬಿಡಿ, ವಾಂಗೀಬಾತಿನ ಒಗ್ಗರಣೆಗಾದರೂ ಆಯ್ತಲ್ಲ" ಅಂದಳು.