ಹಲಸೂರಿನಿಂದ ಕಡಲಿಗೆ: ಕಯಾಕ್ ಯಾತ್ರಿಕರ ಕೈಪಿಡಿ

ಮೊದಲು ಮನೆಯವರನ್ನು ಒಪ್ಪಿಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಊರಿನಲ್ಲಿ ಎಲ್ಲಿಯ ಕಡಲು ಎಂದು ಕೇಳಿಯೇ ಕೇಳುತ್ತಾರೆ. ಹೀಗೆ ಹೇಳಿ: ಹಲಸೂರು ಕೆರೆಯ ಕೋಡಿ ನೀರು ದೊಮ್ಮಲೂರು, ಚಲ್ಲಘಟ್ಟದ ಕಡೆ ಇಳಿದು ಬೆಳ್ಳಂದೂರು ಸೇರುತ್ತದೆ. ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಆ ಹೊಳೆ ಹೊಸೂರು, ಕೃಷ್ಣಗಿರಿ ದಾಟಿ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಹಲಸೂರಿನಲ್ಲಿ ದೋಣಿ ಇಳಿಸಿ ಹುಟ್ಟು ಹಾಕುತ್ತ ಹೋದರೆ ಶಾಸ್ತ್ರಪ್ರಕಾರ ಸಮುದ್ರ ಸಿಗಲೇಬೇಕು. ಸಾಲಿಗ್ರಾಮದ ಕಾಂಡ್ಲಾ ಕಾಡಿನಲ್ಲಿ ಅರ್ಧ ಗಂಟೆ ಕಯಾಕ್ ಹತ್ತಿ, ಫೋಟೊ ಹಾಕಿ ಮಲಗುವವರಿಗೆ ಈ ಕೈಪಿಡಿ ಅಲ್ಲ.

ಸಲಕರಣೆಗೆ ಶಿವಾಜಿನಗರಕ್ಕೆ ಹೋಗಿ. ಕಯಾಕ್ ಕಟ್ಟಿದವರು ಉತ್ತರ ಧ್ರುವದ ಕಡೆಯ ಇನ್ಯೂಯಿಟ್ ಜನ. ಅದಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ಗುಜರಿಯಲ್ಲಿ ಸೀಲ್ ಚರ್ಮವೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ: ಹಗ್ಗ, ಟಾರ್ಪಾಲು, ಯಾರದೋ ಹಳೇ ಹೆಲ್ಮೆಟ್ಟು. ಚೌಕಾಸಿ ಮಾಡಿ, ಆದರೆ ಯಾಕೆ ಬೇಕೆಂದು ಹೇಳಬೇಡಿ. ಹೇಳಿದರೆ ರೇಟು ಏರುತ್ತದೆ. ಬರುವಾಗ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯಲ್ಲಿ ಬನ್ನಿ. ಟ್ಯಾಂಕೂ ಇಲ್ಲ, ಬಂಡೂ ಇಲ್ಲ, ಬೋರ್ಡು ಮಾತ್ರ ಇದೆ. ಮುಂದಿನ ದಾರಿಗೆ ಇದು ಒಳ್ಳೆಯ ಪೂರ್ವಸಿದ್ಧತೆ.

ಹದಿನಾಲ್ಕು ಅಡಿ ಕಯಾಕನ್ನು ಆಟೋ ತಲೆ ಮೇಲೆ ಕಟ್ಟಿಸಿ. ನಾನು ಕಟ್ಟಿಸಿದಾಗ ಬಟ್ಟೆ ಸುತ್ತಿದ ಆ ಉದ್ದದ ವಸ್ತುವನ್ನು ಡ್ರೈವರ್ ಎರಡು ಸಲ ನೋಡಿ, ದನಿ ತಗ್ಗಿಸಿ, “ಯಾರು ಸಾರ್ ತೀರ್ಕೊಂಡಿದ್ದು?” ಅಂದ. ದೋಣಿ ಅಂದೆ. ತಕ್ಷಣ ದುಃಖ ಇಳಿದು, “ಹಂಗಾದ್ರೆ ಮೀಟರ್ ಮೇಲೆ ಐವತ್ತು ಕೊಡಿ.”

ಮೊದಲ ದಿನ, ಹಲಸೂರು. ಕೆರೆಯ ಮಗ್ಗುಲಿಗೇ ಮದ್ರಾಸ್ ಸ್ಯಾಪರ್ಸ್ ಇದ್ದಾರೆ, ಆದ್ದರಿಂದ ಹುಟ್ಟು ಹಿಡಿಯುವ ಶೈಲಿ ಸರಿಯಿರಲಿ, ತಿಳಿದವರು ನೋಡುತ್ತಿರುತ್ತಾರೆ. ದ್ವೀಪಗಳಿವೆ, ಹಕ್ಕಿಗಳಿವೆ, ನೋಟಕ್ಕೆ ಕೊರತೆಯಿಲ್ಲ. ಪರಿಣತ ಕಯಾಕಿಗರು ದೋಣಿ ಮಗುಚಿದರೂ ನೀರೊಳಗೇ ಉರುಳಿ ಮೇಲೇಳುತ್ತಾರೆ. ಆ ವಿದ್ಯೆಯನ್ನು ಇಲ್ಲಿ ಪ್ರದರ್ಶಿಸಬೇಡಿ. 2016ರ ಮಾರ್ಚ್‌ನಲ್ಲಿ ಈ ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಅವು ಹುಟ್ಟಾ ಈಜುಗಾರರು. ನೀವು ಸ್ವಿಮ್ಮಿಂಗ್ ಕ್ಲಾಸಿಗೆ ಮೂರು ವಾರ ಹೋದವರು.

ದೊಮ್ಮಲೂರು ಕೆರೆ ಈಗ ಬಡಾವಣೆ. ಇಲ್ಲಿ ಇಳಿದು ಹೊರಬೇಕು. ಕಾಲುವೆ ಪಕ್ಕದಲ್ಲಿ ಕಯಾಕ್ ಹೊತ್ತು ನಡೆಯುವಾಗ ಇಂದಿರಾನಗರದವರು ಯಾವ ಹೊಸ ಬಾರಿನ ಪ್ರಚಾರ ಎಂದು ವಿಚಾರಿಸುತ್ತಾರೆ. ಕೈ ಬೀಸಿ ಸಾಕು. ಚಲ್ಲಘಟ್ಟ ಕೆರೆ ಇದ್ದಲ್ಲಿ ಗಾಲ್ಫ್ ಮೈದಾನವಿದೆ. ಅಲ್ಲೂ ಚಿಕ್ಕ ಕೊಳಗಳಿವೆ, ಆಸೆಪಡಬೇಡಿ, ಸದಸ್ಯತ್ವ ಕೇಳುತ್ತಾರೆ.

ಒಂದು ಎಚ್ಚರಿಕೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಅಪ್ಪಿತಪ್ಪಿ ಆ ಪೈಪು ಹೊಕ್ಕರೆ ಲಕ್ಷ್ಮೀಸಾಗರ ಕೆರೆಯಲ್ಲಿ ಏಳುತ್ತೀರಿ. ಕಡಲು ತಪ್ಪಿತು ಅನ್ನುವುದೊಂದೇ ಬೇಸರ.

ಎರಡನೇ ರಾತ್ರಿ ಬೆಳ್ಳಂದೂರಿನ ದಡದಲ್ಲಿ ಬಿಡಾರ. ಬೇರೆಡೆ ಕ್ಯಾಂಪಿಗೆ ಸೌದೆ ಹುಡುಕಬೇಕು. ಈ ಕೆರೆಯೋ 2017ರ ಫೆಬ್ರುವರಿಯಲ್ಲೂ 2018ರ ಜನವರಿಯಲ್ಲೂ ಹೊತ್ತಿಕೊಂಡಿತ್ತು. ಎರಡನೆಯ ಸಲ ಆರಿಸಲು ಸೇನೆಯವರೂ ಬಂದರು. ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬನ್ನಿ. ನೊರೆ ಎದ್ದ ದಿನಗಳ ಫೋಟೊ ನೋಡಿದವರು ಆರ್ಕ್ಟಿಕ್ ಅನುಭವಕ್ಕೆ ಅಲ್ಲಿಯವರೆಗೆ ಹೋಗಬೇಕಿಲ್ಲ ಎಂದು ಒಪ್ಪುತ್ತಾರೆ. ತಿಂಡಿಗೆ ಪುಳಿಯೋಗರೆ ಕಟ್ಟಿಸಿಕೊಳ್ಳಿ. ಮುಚ್ಚಳ ತೆಗೆಯುವಾಗ ಮಾತ್ರ ಗಾಳಿಗೆ ಬೆನ್ನು ಕೊಟ್ಟು ಕೂತುಕೊಳ್ಳಿ.

ಉಬ್ಬರವಿಳಿತದ ಪಟ್ಟಿ ಬೇಡ. ನಮ್ಮಲ್ಲಿ ಉಬ್ಬರ ಮಾತ್ರ, ಅದೂ ಮಳೆ ಬಂದಾಗ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಸಾಫ್ಟ್‌ವೇರ್ ಜನ ಲ್ಯಾಪ್‌ಟಾಪ್ ಎದೆಗವಚಿಕೊಂಡು ಟ್ರ್ಯಾಕ್ಟರ್ ಏರಿದ್ದು ಅಂಥ ಉಬ್ಬರದಲ್ಲೇ.

ಇಷ್ಟು ಬರೆದವನು ಎಲ್ಲಿಯವರೆಗೆ ಹೋದ ಎಂದು ಕೇಳುವಿರಿ. ದೊಮ್ಮಲೂರು. ಆಮೇಲೆ ಸೊಂಟ ಹಿಡಿಯಿತು. ಕಯಾಕ್ ತಾರಸಿ ಸೇರಿತು. ಅತ್ತೆ ಅದರ ಬೆನ್ನ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಹಾಕಿದರು. ಒಳಗಡೆ ಬೆಕ್ಕು ಮೂರು ಮರಿ ಹಾಕಿತು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ರೈಲು ಹಳಿಯ ಕೆಳಗಿನ ಕಿಂಡಿ ಕಿರಿದಾಗಿತ್ತು, ಬಂದ ನೀರೆಲ್ಲ ಅಲ್ಲೇ ತಡೆದು ನಿಂತಿತ್ತು. ಕೆ.ಆರ್. ಪುರಂ ಕಡೆಯ ಚಿಕ್ಕಪ್ಪನ ಮನೆ ಅಲ್ಲೇ. ಕಯಾಕ್ ತಂದ ದಿನ ನನ್ನನ್ನು ಹುಚ್ಚ ಅಂದವರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು.

“ಅಲ್ಲಪ್ಪಾ, ನಿನ್ ಹತ್ರ ಅದೇನೋ ದೋಣಿ ಇತ್ತಲ್ಲ, ಇನ್ನೂ ಇದ್ಯಾ?”

ಇದೆ, ಬೆಕ್ಕು ಮರಿ ಹಾಕಿದೆ ಅಂದೆ.

“ಅವನ್ನ ಎತ್ತಿಟ್ಟು ಬಾ. ಬರೋವಾಗ ಎರಡು ಲೀಟರ್ ಹಾಲು ಹಿಡ್ಕೊಂಡ್ ಬಾ, ಒಂದ್ ಪ್ಯಾಕೆಟ್ ಮೇಣದಬತ್ತಿ.”