ಬೆರಕೆ ಕೆಂಪು ವೈನ್: ಗುಡವಿ ಬಳಕೆದಾರರ ಕೈಪಿಡಿ

ಮೊದಲ ಎಚ್ಚರಿಕೆ: ಬಾಟಲಿಯನ್ನು ಗುಡವಿ ಪಕ್ಷಿಧಾಮದೊಳಗೆ ಒಯ್ಯಬಾರದು. ಒಂದು ಚದರ ಕಿಲೋಮೀಟರೂ ಇಲ್ಲದ ಆ ಜಾಗದಲ್ಲಿ ಮಳೆಗಾಲ ಹಿಡಿಯಿತೆಂದರೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳಿಗೇ ಕೂರಲು ಕೊಂಬೆ ಸಾಲದು. ಊರಿನ ಯಾವುದಾದರೂ ಜಗುಲಿ ಸಾಕು. ಮನೆಯ ಹಿರಿಯರನ್ನು ಒಪ್ಪಿಸುವ ವಿಧಾನ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಚೀಟಿಯ ಸಣ್ಣಕ್ಷರ ಓದಿ. ‘ಶಿರಾಜ್–ವಿಯೋನ್ಯೇ’ ಎಂದಿದ್ದರೆ ಮೊದಲನೆಯದು ಕಪ್ಪು ದ್ರಾಕ್ಷಿ, ಎರಡನೆಯದು ಬಿಳಿ. ಫ್ರಾನ್ಸಿನ ರೋನ್ ನದಿಯ ದಂಡೆಯ ಕೋಟ್ ರೋಟಿಯಲ್ಲಿ ನೂರಕ್ಕೆ 20ರಷ್ಟು ಬಿಳಿಗೆ ಕಾನೂನಿನ ಅನುಮತಿಯಿದೆ. ಬೆಳೆಗಾರರು ಹಾಕುವುದು ಅದಕ್ಕಿಂತ ಎಷ್ಟೋ ಕಡಿಮೆ. ಇಟಲಿಯ ಕಿಯಾಂತಿಯಲ್ಲಿ 1967ರ ನಿಯಮ ಬಿಳಿಯನ್ನು ಕಡ್ಡಾಯ ಮಾಡಿತ್ತು; ಕಿಯಾಂತಿ ಕ್ಲಾಸಿಕೋದವರು 2006ರಿಂದ ಅದನ್ನೇ ನಿಷೇಧಿಸಿದರು. ಸರ್ಕಾರಿ ಸುತ್ತೋಲೆ ಓದಿ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಬಿಳಿ ಬೆರೆತಿದ್ದರಿಂದ ಬಣ್ಣ ತೆಳುವಾಗಿರಬೇಕೆಂದು ಗ್ಲಾಸನ್ನು ಬೆಳಕಿಗೆ ಹಿಡಿದು ತಡಕಾಡಬೇಡಿ. ಕವಳ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಲೆ ಹಸಿರು, ಸುಣ್ಣ ಬಿಳಿ, ಆದರೂ ಸುಣ್ಣ ತಾಗದೆ ಬಾಯಿ ಕೆಂಪಾಗದು. ವೈನಿನಲ್ಲಿ ಕೆಲಸ ಮಾಡುವುದು ಸುಣ್ಣದ ಕ್ಷಾರವಲ್ಲ. ಬಿಳಿ ಹಣ್ಣಿನ ಸಿಪ್ಪೆಯಲ್ಲಿರುವ ಬಣ್ಣವಿಲ್ಲದ ಅಂಶಗಳು ಕೆಂಪು ಬಣ್ಣದ ಕಣಗಳಿಗೆ ಆತುಕೊಂಡು ಅದನ್ನು ಗಾಢವಾಗಿಸುತ್ತವೆ. ಅದಕ್ಕೆ ಎರಡೂ ಹಣ್ಣು ಒಂದೇ ತೊಟ್ಟಿಯಲ್ಲಿ ಸಿಪ್ಪೆ ಸಮೇತ ಹುಳಿತಿರಬೇಕು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನರಿಯ ವಿಯೋನ್ಯೇ ತಂದು, ಬೇರೊಂದು ಶಿರಾಜಿನ ಹತ್ತೊಂಬತ್ತು ಚಮಚಕ್ಕೆ ಒಂದು ಚಮಚ ಬೆರೆಸಿದರೆ ಪರಿಮಳ ಬಂದೀತು, ಈ ಗಾಢತೆ ಬರುವುದಿಲ್ಲ.

‘ಕೋಣೆಯ ಉಷ್ಣಾಂಶದಲ್ಲಿ ಕುಡಿಯಿರಿ’ ಎಂದು ಬರೆದವರ ಕೋಣೆ ಯುರೋಪಿನದು. ನಮಗೆ ಬೇಕಾದದ್ದು 16ರಿಂದ 18 ಡಿಗ್ರಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕರೆಂಟಿಲ್ಲದಿದ್ದರೆ (ಇರುವುದಿಲ್ಲ) ಕೊಡಪಾನದಲ್ಲಿಟ್ಟು ಬಾವಿಗೆ ಇಳಿಬಿಡಿ. ಹಗ್ಗದ ಗಂಟು ಎರಡು ಸಲ ನೋಡಿ.

ಈಗ ಮೂಗು. ವಿಯೋನ್ಯೇ ಇರುವುದು ಗೊತ್ತಾಗುವುದೇ ಇಲ್ಲಿ. ಶಿರಾಜಿನ ಕಾಳುಮೆಣಸಿನ ಘಾಟಿನ ಮೇಲೆ ಏನೋ ಹೂವು ತೇಲುತ್ತದೆ. ಪಂಡಿತರು ಏಪ್ರಿಕಾಟ್ ಎನ್ನುತ್ತಾರೆ; ನೀವು ಸುರಗಿ ಎಂದರೂ ಯಾರೂ ಆಕ್ಷೇಪಿಸರು. ಶ್ರೀಗಂಧ ಎಂದು ಮಾತ್ರ ಬಾಯ್ತಪ್ಪಿಯೂ ಅನ್ನಬೇಡಿ. ಗುಡವಿಗೆ ಹತ್ತಿರದ ಸೊರಬ ಗುಡಿಗಾರರ ಊರು, ಗಂಧ ಕೆತ್ತುವವರು ಪಕ್ಕದಲ್ಲೇ ಕೂತಿರಬಹುದು.

ಗುಟುಕನ್ನು ನಾಲಿಗೆಯ ಮೇಲೆ ಉರುಳಿಸಿ. ಒಸಡು ಬಿಗಿಯುವ ಚೊಗರಿಗೆ ಪುಸ್ತಕಗಳಲ್ಲಿ ಅಧ್ಯಾಯಗಳೇ ಇವೆ. ಅಡಿಕೆ ಸೀಮೆಯವರು ಅವನ್ನು ದಾಟಿ ಮುಂದೆ ಹೋಗಬಹುದು, ಚೊಗರಿನಲ್ಲಿ ಅವರಿಗೆ ಪಾಠ ಹೇಳುವವರು ಇನ್ನೂ ಹುಟ್ಟಬೇಕು. ಗುಟುಕನ್ನು ಉಗುಳುವುದು ಪರಿಣತರ ಪದ್ಧತಿ. ಆ ವಿದ್ಯೆಯೂ ಇಲ್ಲಿ ಕರಗತ.

ತೊಂದರೆ ನಿವಾರಣೆ: ಎಲ್ಲ ವೈನೂ ಒಂದೇ ರುಚಿ ಅನ್ನಿಸಿದರೆ ಬಾಯಲ್ಲಿರುವ ಕವಳವನ್ನು ಮೊದಲು ತೆಗೆಯಿರಿ.