ಪಿಎಂಪಿ ಪಾರಾಯಣ

ಪಿಎಂಪಿ ಪರೀಕ್ಷೆ ಬರೆಯಬೇಕೆಂಬ ಹುಕಿ ಐಟಿಯವರಿಗೆ ಹುಟ್ಟುವುದು ಅಪ್ರೈಸಲ್ ಮುಗಿದ ವಾರ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಿಂದ ಕೊಡುತ್ತಿರುವ ಈ ಬಿರುದು ಹೆಸರಿನ ಪಕ್ಕ ಕೂತರೆ ಸಂಬಳ ಏಳುತ್ತದೆಂಬುದು ನಮ್ಮ ಕ್ಯಾಂಟೀನಿನ ನಂಬಿಕೆ.

ಅವೆನ್ಯೂ ರೋಡಿನಲ್ಲಿ ಅದೇ ಸಂಸ್ಥೆಯ ಕೈಪಿಡಿ ‘ಪಿಎಂಬೋಕ್’ನ ಆರನೇ ಆವೃತ್ತಿ ಕಾಲುಬೆಲೆಗೆ ಸಿಕ್ಕಿತು. ಏಳುನೂರಕ್ಕೂ ಮೀರಿದ ಪುಟಗಳು. ಇಷ್ಟು ದಪ್ಪದ ಪುಸ್ತಕ ಇಷ್ಟು ಅಗ್ಗ ಯಾಕೆಂದು ಕೇಳುವ ಬುದ್ಧಿಯಿದ್ದಿದ್ದರೆ ನಾನು ಮ್ಯಾನೇಜರ್ ಏಕಾಗುತ್ತಿದ್ದೆ? ಹತ್ತು ನಾಲೆಡ್ಜ್ ಏರಿಯಾ, ಐದು ಪ್ರೊಸೆಸ್ ಗ್ರೂಪು, 49 ಪ್ರೊಸೆಸ್ಸು. ಒಂದೊಂದಕ್ಕೂ ಇನ್‌ಪುಟ್ಟು, ಟೂಲು, ಔಟ್‌ಪುಟ್ಟು. ಮಗ್ಗಿ ಉರು ಹೊಡೆದು ಬೆಳೆದ ಜೀವ ಇದು. ಸ್ನಾನದ ಮನೆಯಲ್ಲೂ ಪಠಣ ನಡೆಯಿತು. ‘ಮಗ ಯಾವುದೋ ಹೊಸ ಸಹಸ್ರನಾಮ ಹಿಡಿದಿದ್ದಾನೆ’ ಎಂದು ಅಮ್ಮ ನೆಂಟರಿಗೆಲ್ಲ ಫೋನು ಮಾಡಿದಳು.

ಆಮೇಲೆ ಅಣಕು ಪರೀಕ್ಷೆಗೆ ಕೂತೆ. ‘ತಂಡದ ಇಬ್ಬರು ಕಚ್ಚಾಡುತ್ತಿದ್ದಾರೆ. ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು?’ ಮೇಲಿನವರಿಗೆ ದೂರಬೇಕು ಅಂತ ಒತ್ತಿದೆ. ತಪ್ಪಂತೆ! ಇಬ್ಬರನ್ನೂ ಕೂರಿಸಿ ಮಾತಾಡಿಸಬೇಕಂತೆ. ‘ಗ್ರಾಹಕ ಹೊಸ ಬೇಡಿಕೆ ಇಟ್ಟಿದ್ದಾನೆ.’ ಆಗಲ್ಲ ಅಂದೆ, ತಪ್ಪು. ಆಯ್ತು ಸಾರ್ ಅಂದೆ, ಅದೂ ತಪ್ಪು. ಮೊದಲು ಅದರ ಪರಿಣಾಮ ಅಳೆಯಬೇಕಂತೆ. ನನ್ನ 49ರಲ್ಲಿ ಒಂದನ್ನೂ ಯಾರೂ ಒಪ್ಪಿಸು ಅನ್ನಲಿಲ್ಲ.

ಹುಡುಕಿದರೆ, 2021ರ ಜನವರಿಯಲ್ಲೇ ಪರೀಕ್ಷೆಯ ಚಹರೆ ಬದಲಾಗಿತ್ತು. ಆ ಹೊಸ ರೂಪದಲ್ಲಿ 180 ಪ್ರಶ್ನೆ, 230 ನಿಮಿಷ. ಜನರನ್ನು ನಿಭಾಯಿಸುವುದಕ್ಕೇ ಶೇ 42. ಹೆಚ್ಚುಕಡಿಮೆ ಅರ್ಧ ಪ್ರಶ್ನೆಗಳು ಅಜೈಲ್, ಹೈಬ್ರಿಡ್ ವಿಧಾನದವು. ಅದೇ ವರ್ಷ ಬಂದ ಏಳನೇ ಆವೃತ್ತಿಯಲ್ಲಿ 12 ತತ್ವ, ಎಂಟು ಡೊಮೇನು. ಪುಸ್ತಕ ಅರ್ಧಕ್ಕಿಳಿದು, ನನ್ನ ಸಹಸ್ರನಾಮ ಮಂಗಮಾಯವಾಗಿತ್ತು.

ಸರಿ, ಅಜೈಲ್ ಅಭ್ಯಾಸ ಮನೆಯಲ್ಲೇ ಶುರು. ಬೆಳಿಗ್ಗೆ ಅಡುಗೆಮನೆಯಲ್ಲಿ ಸ್ಟ್ಯಾಂಡಪ್ ಮೀಟಿಂಗು. ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಅಡ್ಡಿ ಏನು?’ ಹೆಂಡತಿ ಸೌಟು ಎತ್ತಿ, ‘ಅಡ್ಡಿ ನೀವೇ. ಒಲೆ ಮುಂದಿಂದ ಸರೀರಿ’ ಅಂದಳು. ಸೇವಕ ನಾಯಕತ್ವದ ಪಾಠಕ್ಕೆ ಸಿಂಕಿನ ತುಂಬ ಪಾತ್ರೆ ಸಿಕ್ಕಿತು.

ಪರೀಕ್ಷೆ ಆನ್‌ಲೈನಿನಲ್ಲಿ, ಮನೆಯಿಂದಲೇ. ರಿಸ್ಕ್ ರಿಜಿಸ್ಟರ್ ಬರೆದಿಟ್ಟೆ: ಕರೆಂಟು ಹೋದರೆ ಯುಪಿಎಸ್, ಪಕ್ಕದ ಮನೆಯಲ್ಲಿ ಡ್ರಿಲ್ಲಿಂಗ್ ಶುರುವಾದರೆ ಮುಂಗಡ ಕೈಮುಗಿತ. ಕೋಣೆಯ ಮೂಲೆಮೂಲೆ ಕ್ಯಾಮೆರಾಕ್ಕೆ ತೋರಿಸಿ ಕೂತೆ. ಪ್ರಶ್ನೆಯನ್ನು ಬಾಯಲ್ಲಿ ಗುನುಗುವಂತಿಲ್ಲ ಎಂದು ಕ್ಯಾಮೆರಾದಾಚೆ ಕಾವಲಿದ್ದ ಮೇಲ್ವಿಚಾರಕರಿಂದ ಎಚ್ಚರಿಕೆ ಬಂತು. ಮುಚ್ಚಿದ ಬಾಯಲ್ಲಿ ನನಗೆ ಕ್ರಿಟಿಕಲ್ ಪಾತ್ ಹೊಳೆಯುವುದೇ ಇಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಲೋಟ ಹಿಡಿದ ಅಮ್ಮ! ‘ಆಗಿಂದ ಕಂಪ್ಯೂಟರ್ ನೋಡ್ತಾ ಇದೀಯ, ಕಾಫಿ ಆರತ್ತೆ, ಕುಡಿ.’ ಕ್ಯಾಮೆರಾದೊಳಗೆ ಇಣುಕಿ, ‘ಇವರಿಗೂ ಒಂದು ಲೋಟ ತರಲಾ?’ ಅಂದಳು.

ಪರೀಕ್ಷೆ ಅಲ್ಲಿಗೆ ರದ್ದು. ಮನೆಯ ಅತಿ ದೊಡ್ಡ ಸ್ಟೇಕ್‌ಹೋಲ್ಡರಿನ ಹೆಸರು ನನ್ನ ರಿಜಿಸ್ಟರಿನಲ್ಲಿ ಇರಲೇ ಇಲ್ಲ.

ಬರೆಯುವವರಿದ್ದರೆ ಎರಡು ಮಾತು. ಪುಸ್ತಕ ಕೊಳ್ಳುವ ಮುಂಚೆ ಪರೀಕ್ಷೆಯ ಈಗಿನ ವಿಷಯಪಟ್ಟಿ ಇಳಿಸಿಕೊಳ್ಳಿ, ಅದು ಪುಕ್ಕಟೆ. ಮನೆಯಲ್ಲಿ ಅಮ್ಮ ಇದ್ದರೆ ಪರೀಕ್ಷಾ ಕೇಂದ್ರಕ್ಕೇ ಹೋಗಿ.